ಫ್ಯೂಸಿನ ಜಾಗದಲ್ಲಿ

ಹಿಂಬದಿಯ ಹಲಗೆ ಬಿಚ್ಚುವ ಮೊದಲೇ ವಾಸನೆ ಹೇಳಿಬಿಟ್ಟಿತು:
ಡಾಂಬರು, ಸೀದ ಕಾಗದ, ಹಳೇ ಅರಗು.
ಟ್ರಾನ್ಸ್‌ಫಾರ್ಮರ್ ಹೋಗಿದೆ, ಅಂದೆ.
ವೆಲ್ಟಾ ಕೈಗವಸು ಕಳಚದೆ ನಿಂತೇ ಇದ್ದರು.
ಗಂಡ ಆರ್ವಿಡ್ಸ್ ಹೊರಗೆ, ಟ್ರಾಮಿನ ಬೆಂಚಿನ ಮೇಲೆ;
ಮಂಡಿನೋವು, ನನ್ನ ಅಂಗಡಿಗೋ ಏಳು ಮೆಟ್ಟಿಲು.
ಲಿಯೆಪಾಯದ ಗಾಳಿ ಅವರ ಟೋಪಿಯ ಜೊತೆ
ಜಗಳಕ್ಕೆ ನಿಂತಿತ್ತು.

"ಬಿಸಾಕು ಅಂತಾನೆ ಮೊಮ್ಮಗ.
ಬಿಸಾಕೋದಾದರೆ ಇಷ್ಟು ಭಾರ ಹೊತ್ತು ಬರುತ್ತಿದ್ದೆನೆ?"

ತಂತಿ ಕತ್ತರಿಸುವ ಮುಂಚೆ ಬಣ್ಣ ಬರೆದಿಡಬೇಕು.
ಕೆಂಪು ಎರಡು ಹೈ ವೋಲ್ಟೇಜಿಗೆ,
ಹಸಿರು ಎರಡು ವಾಲ್ವುಗಳ ಕಾವಿಗೆ,
ಎಂದೆಲ್ಲ ಪುಸ್ತಕ ಹೇಳುತ್ತದೆ.
ಇಲ್ಲಿ ಎಲ್ಲಕ್ಕೂ ಕಷಾಯದ ಬಣ್ಣ.
ಒಂದೊಂದಕ್ಕೂ ಕಾಗದದ ಚೀಟಿ ಕಟ್ಟಿದೆ,
ಆಸ್ಪತ್ರೆಯಲ್ಲಿ ಕೂಸಿನ ಕೈಗೆ ಕಟ್ಟುವ ಹಾಗೆ.
ನಾಲ್ಕು ಬೋಲ್ಟು. ಮೂರು ಬಂದವು.
ನಾಲ್ಕನೆಯದರ ಜೊತೆ ಒಂದು ಇಡೀ ಮಧ್ಯಾಹ್ನ ಹೋಯಿತು.

ನನಗೆ ಕೆಲಸ ಕಲಿಸಿದ ಎಡ್ವೀನ್ಸ್ ಹೇಳುತ್ತಿದ್ದ:
ಸತ್ತದ್ದನ್ನು ಬದಲಿಸುವುದು ಅರ್ಧ ಕೆಲಸ, ಹುಡುಗೀ.
ಕೊಂದವರು ಯಾರೆಂದು ಕೇಳದೆ ಹೊಸದನ್ನು ಕೂರಿಸಿದೆಯೋ,
ಎರಡನೇ ಹೆಣಕ್ಕೆ ನೀನೇ ಹೊಣೆ.

ಕೇಳಿದೆ.
ಮೇಣ ಸುರಿಸಿಕೊಂಡು ಕೂತ ಒಂದು ಕಂಡೆನ್ಸರ್
ಮೊದಲ ಪ್ರಶ್ನೆಗೇ ಒಪ್ಪಿಕೊಂಡಿತು.
ಸರಿ, ಅದು ಸೋರಿತು; ಫ್ಯೂಸ್ ಯಾಕೆ ಹಾರಲಿಲ್ಲ?
ಚಿಮಟದಿಂದ ಫ್ಯೂಸನ್ನು ಎಳೆದರೆ
ಗಾಜಿನ ಕೊಳವೆಗೆ ಅಂಗಿ ತೊಡಿಸಿದಂತೆ
ಸಿಗರೇಟು ಪೊಟ್ಟಣದ ಬೆಳ್ಳಿ ಹಾಳೆ.
ಮೂಸಿದೆ. ಏನೂ ಇಲ್ಲ.
ಮತ್ತೆ ಮೂಸಿದೆ: ಇತ್ತೇನೋ ಎಂಬಷ್ಟು.

ಯೆಲ್ಗಾವಾದ ತಾಲಿವಾಲ್ಡಿಸ್ ಹೊಸದನ್ನು ಸುತ್ತಿಕೊಟ್ಟ.
ಸುತ್ತನ್ನು ಬಾಯಲ್ಲೇ ಎಣಿಸುತ್ತಾನೆ;
ಎಂಟುನೂರರ ಹತ್ತಿರ ಬಂದಾಗ ನಾನು ಫೋನ್ ಮಾಡಿದೆನಂತೆ,
ಮೊದಲಿಂದ ಶುರುಮಾಡಿದನಂತೆ.
ಬೈಗುಳ ಬೇರೆ, ಬಿಲ್ಲು ಬೇರೆ.
ತೂತುಗಳು ಎರಡು ಮಿಲಿಮೀಟರ್ ಆಚೆಗೆ ಬಿದ್ದಿದ್ದವು.
ಅರದಿಂದ ಉಜ್ಜಿದೆ, ಉಜ್ಜಿದೆ.

ಮೂರು ವಾರದ ಮೇಲೆ ವೆಲ್ಟಾ ಬಂದರು. ಬೆಂಚಿನಲ್ಲಿ ಅದೇ ಟೋಪಿ.
"ಹಾಳಾಗಿದ್ದು ಹೇಗೆ?"
ಹೇಳಬಾರದೆಂದುಕೊಂಡಿದ್ದೆ.
ಮಗಳು ಹುಟ್ಟಿದ ದಿನವೇ ಆರ್ವಿಡ್ಸ್ ಸಿಗರೇಟು ಬಿಟ್ಟರೆಂದು
ಹೋದ ಸಲ ಇವರೇ ಹೆಮ್ಮೆಯಿಂದ ಹೇಳಿದ್ದು.
ಕೈ ಬೆಳ್ಳಿ ಹಾಳೆಯ ಮೇಲೆ ಸರಿಯಿತು.
ತಡವಾಯಿತು.

ಕೈಗವಸು ಕಳಚಿ ಅದನ್ನೆತ್ತಿಕೊಂಡರು, ಉಗುರಲ್ಲಿ ಮಡಿಕೆ ಬಿಡಿಸಿದರು.
"ಅವರದಲ್ಲ.
ನಂದು."

ಜನವರಿ. ಆರ್ವಿಡ್ಸ್ ರೀಗಾಕ್ಕೆ ಹೋಗಿದ್ದರು,
ಬೀದಿಗೆ ಅಡ್ಡ ನಿಲ್ಲಿಸಿದ ಲಾರಿಗಳ ನಡುವೆ,
ಸೌದೆಬೆಂಕಿಯ ಪಕ್ಕ, ಸಾವಿರಾರು ಜನರ ಜೊತೆ.
ರಾತ್ರಿ ಎರಡಕ್ಕೆ ಫ್ಯೂಸ್ ಹೋಯಿತು,
ಸುದ್ದಿ ಓದುವವಳ ವಾಕ್ಯದ ಅರ್ಧದಲ್ಲಿ.
ಅಂಗಡಿ ಯಾವುದು ತೆರೆದಿದ್ದೀತು?
ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟ ಪೊಟ್ಟಣ ಒಂದಿತ್ತು.
"ಹರಿದೆ, ಸುತ್ತಿದೆ, ತುರುಕಿದೆ.
ವಾಕ್ಯದ ಉಳಿದರ್ಧ ಸಿಗಲಿಲ್ಲ.
ಆದರೆ ಅವಳು ಇನ್ನೂ ಓದುತ್ತಿದ್ದಳು."
ಬದಲಿಸೋಣ, ಬದಲಿಸೋಣ ಅಂದುಕೊಂಡೇ
ಮೂವತ್ತು ವರ್ಷ.
ಆ ರಾತ್ರಿ ಕಾದದ್ದೇ ಈಗ ಸುಟ್ಟಿತು.

ನಾನು ಅರವತ್ತು ವಾಟಿನ ಬಲ್ಬನ್ನು ಸರಣಿಯಲ್ಲಿ ಕಟ್ಟಿ
ಸ್ವಿಚ್ಚು ಒತ್ತಿದೆ.
ಬಲ್ಬು ಧಗ್ಗೆಂದಿತು. ಇಬ್ಬರೂ ಉಸಿರು ಹಿಡಿದೆವು.
ಮೆಲ್ಲಗೆ ಮಂಕಾಯಿತು, ಮಂಕಾಗಲೇಬೇಕು,
ವಾಲ್ವುಗಳಿಗೆ ಕಾವೇರಿತು, ಹಸಿರು ಕಣ್ಣು ಅರೆತೆರೆಯಿತು.
ಮೊದಲು ಗುಂಯ್,
ಆಮೇಲೆ ಯಾರೋ ಯಾವುದೋ ಭಾಷೆಯಲ್ಲಿ
ಹವಾಮಾನ ಹೇಳುವ ಧಾಟಿಯ ಮಾತು.
ಹೊಸ ಫ್ಯೂಸ್, ಅರ್ಧ ಆಂಪಿಯರಿನದು.
ಇನ್ನೆರಡು ಪೊಟ್ಟಣ ಕಟ್ಟಿ ಕೊಟ್ಟೆ. ದುಡ್ಡು ಹಿಡಿಯಲಿಲ್ಲ.

ರೇಡಿಯೋ ಹೊತ್ತು ಟ್ರಾಮಿನ ತನಕ ನಾನೇ ಹೋದೆ.
ಬೆಂಕಿಯಿಲ್ಲದೆ ಹೊಗೆಯಿಲ್ಲ, ಅಂದರು ಆರ್ವಿಡ್ಸ್,
ಕಾರಣ ಏನಿತ್ತಮ್ಮಾ?
ವಯಸ್ಸು, ಅಂದೆ.
ಅವರು ತಲೆಯಾಡಿಸಿ, ಹೆಂಡತಿಗೆ ಜಾಗ ಬಿಡಲು ಸರಿದು,
ಗಾಳಿಗೆ ಬೆನ್ನು ಕೊಟ್ಟು,
"ಹಿಟ್ಟಿನ ಡಬ್ಬಿಗೂ ವಯಸ್ಸಾಗಿದೆ" ಅಂದರು.